ಲೇತ್ ಬಿಟ್ಟ ಮಿಸ್ತ್ರಿ ಕಾಕಾ

ಹೋದ ತಿಂಗಳು ನಮ್ಮ ಮನೆಯ ನೀರೆತ್ತುವ ಮೋಟಾರಿನ ಶಾಫ್ಟ್ ಸವೆದುಹೋಗಿತ್ತು. ಅದನ್ನು ಹಳೇ ಕೈಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಒಳಗೆ ಕಬ್ಬಿಣ ಕಡೆಯುವ ಲೇತ್ ತಿರುಗುತ್ತಿತ್ತು. ತಿರುಗುವ ಉಕ್ಕಿನ ಮೇಲೆ ಹಾಲಿನಂಥ ಬಿಳಿ ಎಣ್ಣೆನೀರು ಹನಿಹನಿಯಾಗಿ ಬಿದ್ದು ಚುರ್ ಎಂದು ಸುಟ್ಟು ಹೊಗೆಯಾಗುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಯಾಕೆ ಬಂತು, ಯಾರ ಮೇಲೆ ಬಂತು ಎನ್ನುವುದು ಆಮೇಲೆ ತಿಳಿಯಿತು. ವರ್ಕ್‌ಶಾಪಿನವನು, "ಏನಾತ್ರಿ ಬಾಯಾರ, ಕುಂಡ್ರತೀರೇನು?" ಎಂದು ಸ್ಟೂಲು ಸರಿಸಿದ. ನಾನು ಕೂಡಲಿಲ್ಲ. ಶಾಫ್ಟ್ ಅವನ ಕೈಗೆ ಕೊಟ್ಟು ಹೊರಗೆ ಬಂದು ನಿಂತೆ.

ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ಐಟಿಐ ಓದಿ ನಕ್ಷೆ ತೆಗೆಯುವ ಕೆಲಸ ಕಲಿತು ನಮ್ಮೂರು ಕುಂದಗೋಳಕ್ಕೆ ಮರಳಿದ್ದೆ. ಊರಲ್ಲಿ ಒಕ್ಕಲುತನದ ಸಾಮಾನು ಮಾಡುವ ಒಂದು ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಉದ್ದನೆಯ ಶೆಡ್ಡು, ಎರಡು ಲೇತು, ಒಂದು ವೆಲ್ಡಿಂಗ್ ಮಷಿನ್ನು, ಹನ್ನೆರಡು ಮಂದಿ ಕೆಲಸಗಾರರು. ಶೆಡ್ಡಿನ ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ಕೋಣೆ. ಆ ಕೋಣೆಯಲ್ಲಿ ಮಾಲಕರ ಕುರ್ಚಿ, ಮತ್ತು ಕಿಟಕಿಗೆ ಮೈಕೊಟ್ಟು ನನ್ನ ನಕ್ಷೆಯ ಹಲಗೆ. ಹನ್ನೆರಡು ಗಂಡಸರ ನಡುವೆ ನಾನೊಬ್ಬಳೇ ಹೆಣ್ಣು. ಮೊದಲ ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮೊದಲು ಮಾತಾಡಿದವನು ಲೇತ್ ನಡೆಸುವ ಮಿಸ್ತ್ರಿ ಕಾಕಾ. ಅದೂ ಬೈಯಲು.

ನಾನು ತೆಗೆದ ಮೊದಲ ನಕ್ಷೆಯನ್ನು ಹಿಡಿದುಕೊಂಡು ಬಂದು ನನ್ನ ಹಲಗೆಯ ಮೇಲೆ ಹರವಿದ. ಎಣ್ಣೆಗೈಯ ಬೆರಳನ್ನು ಕಾಗದಕ್ಕೆ ತಾಗಿಸದೆ, ಒಂದು ಗೇಣು ಮೇಲೆ ಹಿಡಿದು, ಒಂದು ನಟ್ಟು ತೋರಿಸಿದ.

"ಬೇಟಿ, ಈ ನಟ್ ಬಿಗಿಯಾಕ ಪಾನಾ ಎಲ್ಲಿಂದ ಬರತೈತಿ? ಆಕಾಶದಿಂದ ಇಳೀತೈತೇನು?"

ನೋಡಿದೆ. ಹೌದು, ಆ ನಟ್ಟಿನ ಸುತ್ತ ಪಾನಾ ತಿರುಗಿಸಲು ಜಾಗವೇ ಇರಲಿಲ್ಲ. ಕಾಗದದ ಮೇಲೆ ಚೆಂದ ಕಂಡದ್ದು ಕೈಗೆ ಬಾರದ ವಸ್ತುವಾಗಿತ್ತು. ಆ ದಿನದಿಂದ ಪ್ರತಿ ನಕ್ಷೆಯನ್ನೂ ಮಾಲಕರಿಗಿಂತ ಮೊದಲು ಕಾಕಾನಿಗೆ ತೋರಿಸುವುದು ರೂಢಿಯಾಯಿತು.

ನವಲಗುಂದ, ಅಣ್ಣಿಗೇರಿ ಕಡೆಯವರೂ ಹಿಟ್ಟಿನ ಗಿರಣಿಯ ಶಾಫ್ಟು, ಗಾಡಿಯ ಅಚ್ಚು ಹೊತ್ತುಕೊಂಡು ಅವನನ್ನು ಹುಡುಕಿ ಬರುತ್ತಿದ್ದರು. ಅಳತೆಯ ಉಪಕರಣ ಅವನ ಬಳಿ ಇತ್ತು, ಆದರೆ ಮೊದಲು ಹೆಬ್ಬೆರಳಿನ ಉಗುರಿನಿಂದ ಉಕ್ಕನ್ನು ಕೆರೆದು ನೋಡುತ್ತಿದ್ದ. ಆಮೇಲೆ ಅಳೆದರೆ ಉಗುರು ಹೇಳಿದ್ದೇ ಸರಿ ಇರುತ್ತಿತ್ತು. ಲೇತ್ ತಿರುಗುವ ಸದ್ದು ಕಿವಿಗೆ ಹಿತವಾಗಿ ಕೇಳದಿದ್ದರೆ ಊಟದ ನಡುವೆಯೂ ಎದ್ದು ಹೋಗುತ್ತಿದ್ದ. ಗಿಡ್ಡ ಮೈ, ಮೋಟು ಗಡ್ಡ, ಖಾಕಿ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ. ಇಪ್ಪತ್ತೆರಡು ವರ್ಷ ಅದೇ ಲೇತಿನ ಮುಂದೆ ನಿಂತಿದ್ದನಂತೆ.

ಕಾರ್ಖಾನೆಯಲ್ಲಿ ಆಗ ಹೊಸದಾಗಿ ಶೇಂಗಾ ಒಡೆಯುವ ಮಷಿನ್ನು ಮಾಡುತ್ತಿದ್ದರು. ಮೇಲಿನ ಡಬ್ಬಿಗೆ ಶೇಂಗಾ ಸುರಿದು, ಬಾಜುವಿನ ಹಿಡಿಕೆ ತಿರುಗಿಸಿದರೆ ಸಿಪ್ಪೆ ಒಡೆದು ಕಾಳು ಕೆಳಗೆ ಬೀಳಬೇಕು. ಮೊದಲ ವರ್ಷ ಮಾರಿದವೆಲ್ಲ ಒಂದೊಂದಾಗಿ ಮರಳಿ ಬಂದವು. ಕಾಳು ಸೀಳಾಗುತ್ತವೆ ಎನ್ನುವುದು ಎಲ್ಲರ ದೂರು. ಮಾಲಕರಿಗೆ ಅರ್ಥವಾಗಲಿಲ್ಲ. ಸೀಳಾದರೇನು, ಗಾಣಕ್ಕೆ ಹಾಕಿದರೆ ಎಣ್ಣೆ ಬರುವುದಿಲ್ಲವೇ ಎಂದರು. ಅವರಿಗೆ ಯಾರೋ ದೊಡ್ಡ ಊರಿನ ವ್ಯಾಪಾರಸ್ಥರು ಬುದ್ಧಿ ಹೇಳಿದರಂತೆ. ಮಾಲು ಮಾಡುವ ಮೊದಲು ಕೊಳ್ಳುವವರನ್ನು ಕೇಳಬೇಕು, ಅದಕ್ಕೆಂದೇ ಒಬ್ಬನನ್ನು ಇಟ್ಟುಕೊಳ್ಳಬೇಕು, ಅವನಿಗೆ ಕಬ್ಬಿಣವೂ ತಿಳಿದಿರಬೇಕು ಮಂದಿಯೂ ತಿಳಿದಿರಬೇಕು ಎಂದು.

ಮಾಲಕರು ಎಲ್ಲರ ಮುಂದೆ ಕಾಕಾನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಮಿಸ್ತ್ರಿ, ಇನ್ನ ಕೈ ಹೊಲಸು ಮಾಡ್ಕೋಬ್ಯಾಡ. ಯಾವ ಮಾಲು ಮಾಡಬೇಕು, ಹೆಂಗ ಮಾಡಬೇಕು, ಅದನ್ನ ನೀ ಹೇಳು. ಮಾಡೂದು ಇವರು ಮಾಡತಾರ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾಲಿನ ಉಸ್ತುವಾರಿ ಎಂಬ ಹೆಸರು ಕೊಟ್ಟರು. ನನ್ನ ಹಲಗೆಯ ಪಕ್ಕ ಒಂದು ಮೇಜು, ಒಂದು ಕುರ್ಚಿ ಬಂದವು. ಕಾಕಾ ಬಿಳಿ ಅಂಗಿ ಹಾಕಿಕೊಂಡು ಬಂದು ಆ ಕುರ್ಚಿಯಲ್ಲಿ ಕೂತಾಗ, ಮದುವೆಯ ಮನೆಯಲ್ಲಿ ಅಳಿಯನನ್ನು ಕೂಡಿಸಿದ ಹಾಗಿತ್ತು. ಕೈಗಳನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಮೇಜಿನ ಮೇಲಿಡುತ್ತಿದ್ದ, ತೊಡೆಯ ಮೇಲಿಡುತ್ತಿದ್ದ. ಹೊರಗೆ ಲೇತಿನ ಸದ್ದು ಸ್ವಲ್ಪ ಬದಲಾದರೆ ಧಡಕ್ಕನೆ ಏಳುತ್ತಿದ್ದ. ಅವನ ಜಾಗಕ್ಕೆ ಬಂದ ಹೊಸ ಲೇತಿನವನು ಎರಡು ದಿನ ತಡೆದು, ಮೂರನೆಯ ದಿನ ಮಾಲಕರಿಗೆ ದೂರಿದ. ಆಮೇಲೆ ಕಾಕಾ ಏಳುವುದನ್ನು ಬಿಟ್ಟ. ಸದ್ದು ಕೆಟ್ಟಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅಷ್ಟೇ...

ಆದರೆ ಆ ಹೊಸ ಕೆಲಸವನ್ನು ಅವನು ಬೇಕಾಬಿಟ್ಟಿ ಮಾಡಲಿಲ್ಲ. ಗುಡಗೇರಿ ಸಂತೆಗೆ ಹೋಗಿ ಒಂದು ವಾರ ಗಂಡಸರನ್ನು ಕೇಳಿದ. ಗಂಡಸರೆಲ್ಲ ತಾಸಿಗೆ ಎಷ್ಟು ಚೀಲ ಒಡೆಯುತ್ತದೆ ಎಂದು ಮಾತ್ರ ಕೇಳಿದರು. ಮರಳಿ ಬಂದು ನನ್ನೆದುರು ಕೂತು, ಶೇಂಗಾ ಕೊಳ್ಳುವುದೂ ಮಾರುವುದೂ ಗಂಡಸರು, ಆದರೆ ಸುಲಿಯುವವರು ಯಾರು ಎಂದು ನನ್ನನ್ನೇ ಕೇಳಿದ. ನಾನು ನಕ್ಕೆ. ನಮ್ಮ ಮನೆಯಲ್ಲಿ ಮುಂಗಾರು ಮೊದಲಾಗುವ ಮಿರಗದ ಮಳೆಗೆ ಮುಂಚೆ, ಬಿತ್ತುವ ಶೇಂಗಾ ಸುಲಿದು ಅವ್ವನ ಹೆಬ್ಬೆರಳಿನ ತುದಿಯ ಚರ್ಮ ಕಿತ್ತುಬರುತ್ತಿತ್ತು. ಅದನ್ನು ಹೇಳಿದೆ. ಕಾಕಾ ಮರುದಿನ ಯರಗುಪ್ಪಿಯ ಬಸ್ಸು ಹತ್ತಿದ.

ಯರಗುಪ್ಪಿಯಲ್ಲಿ ಒಬ್ಬ ಹೆಣ್ಣುಮಗಳ ಅಂಗಳದಲ್ಲಿ ಅವನು ಮೂರು ದಿನ ಕೂತಿದ್ದ. ಮೂವತ್ತರ ಆಸುಪಾಸಿನ, ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡ, ಮಾತಿಗೆ ಹಿಂಜರಿಯದ ಹೆಂಗಸು. ಅವಳ ಗಂಡ ಮೊದಲ ದಿನ ಸಂಶಯದಿಂದ ನೋಡಿದನಂತೆ, ಎರಡನೆಯ ದಿನ ಚಹಾ ಮಾಡಿಸಿದನಂತೆ. ಅವಳು ಕೂತು ಸುಲಿಯುವುದನ್ನು, ಮಗು ಬಂದು ತೊಡೆಯೇರುವುದನ್ನು, ಸೆರಗು ಜಾರುವುದನ್ನು, ಸೀಳು ಕಾಳನ್ನು ಬೇರೆ ಬುಟ್ಟಿಗೆ ಎಸೆಯುವುದನ್ನು ಕಾಕಾ ನೋಡಿ ಬಂದ. ಸೀಳು ಕಾಳು ಮೊಳೆಯುವುದಿಲ್ಲ, ಬಿತ್ತಲು ಇಡಿಗಾಳೇ ಬೇಕು ಎನ್ನುವುದು ಮಾಲಕರಿಗೆ ಒಂದು ವರ್ಷ ತಿಳಿಯದಿದ್ದದ್ದು, ಆ ಅಂಗಳದಲ್ಲಿ ಅವನಿಗೆ ಅರ್ಧ ತಾಸಿನಲ್ಲಿ ತಿಳಿದಿತ್ತು.

ಕಾಕಾ ಉರ್ದು ಸಾಲೆಯಲ್ಲಿ ಕಲಿತವನು. ತನ್ನ ಡೈರಿಯಲ್ಲಿ ಉರ್ದುವಿನಲ್ಲಿ ಬರೆದುಕೊಂಡು ಬಂದು ಬಾಯಲ್ಲಿ ಹೇಳುತ್ತಿದ್ದ, ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಅವನು ಮುಖ್ಯವಾಗಿ ಹೇಳಿದ್ದು ಮೂರು. ಕಾಯಿಯ ಗಾತ್ರಕ್ಕೆ ತಕ್ಕಂತೆ ಒಳಗಿನ ಜರಡಿಯನ್ನು ಮೇಲೆ ಕೆಳಗೆ ಮಾಡಲು ತಿರುಪು ಬೇಕು. ನೆಲದ ಮೇಲೆ ಕೂತೇ ಹಿಡಿಕೆ ತಿರುಗಿಸುವಷ್ಟು ಮಷಿನ್ನು ಗಿಡ್ಡ ಇರಬೇಕು. ಹಿಡಿಕೆಯ ಹಿಂದಿನ ಎರಡು ಹಲ್ಲಿನ ಚಕ್ರಗಳ ಮೇಲೆ ತಗಡಿನ ಮುಚ್ಚಳ ಇರಲೇಬೇಕು. ನಿಂತು ತಿರುಗಿಸುವವರ ಸೆರಗು ಚಕ್ರಕ್ಕೆ ಮುಟ್ಟುವುದಿಲ್ಲ, ಕೂತು ತಿರುಗಿಸುವವರದು ನೇರ ಅಲ್ಲಿಗೇ ಬೀಳುತ್ತದೆ ಎಂದ. ಗಿಡ್ಡ ಮಾಡಿದವರು ನಾವು, ಮುಚ್ಚಳ ಹಾಕುವುದೂ ನಮ್ಮ ಕೆಲಸ ಎಂದ.

ನಕ್ಷೆ ತೆಗೆದೆ. ಒಂದು ಮಷಿನ್ನು ಮಾಡಿ ಯರಗುಪ್ಪಿಗೆ ಒಯ್ದ. ಆ ಹೆಣ್ಣುಮಗಳು ಒಂದು ದಿನವೆಲ್ಲ ತಿರುಗಿಸಿ ನೋಡಿ, ಓಣಿಯ ಹೆಂಗಸರನ್ನು ಕರೆದು ತೋರಿಸಿದಳಂತೆ. ಕಾಕಾ ಆ ಸಂಜೆ ಮಷಿನ್ನನ್ನು ಮರಳಿ ತೆಗೆದುಕೊಂಡು ಕಾರ್ಖಾನೆಗೆ ಬಂದಾಗ ಮೊದಲ ಸಲ ಆ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತದ್ದು ನನಗೆ ನೆನಪಿದೆ. ಲೇತ್ ಮುಂದೆ ನಿಂತು ಮಾಡುವುದಕ್ಕಿಂತ ಇದೂ ಸಣ್ಣ ಕೆಲಸವೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದ.



ಬೇಸಿಗೆ ಮುಗಿಯುತ್ತ ಬಂದಿತ್ತು. ಮಾಲಕರು ಕಾಕಾನನ್ನು ನವಲಗುಂದದ ಕಡೆ ತಿರ್ಲಾಪುರಕ್ಕೆ ಕಳಿಸಿದರು. ಅಲ್ಲಿ ಹತ್ತಿ ಬೆಳೆಯುವವರಿಗೆ ಏನು ಬೇಕು ಎಂದು ಎರಡು ವಾರ ಇದ್ದು ನೋಡಿಕೊಂಡು ಬಾ ಎಂದರು. ಅವನು ಹೋದ ಮರುದಿನ ನನ್ನ ಹಲಗೆಯ ಮುಂದೆ ಬಂದು ನಿಂತರು. ಮುಚ್ಚಳ ಬಡಿದು ಬಾಗಿಸಿ ಕೂಡಿಸಲು ಒಂದೊಂದು ಮಷಿನ್ನಿಗೆ ಅರ್ಧ ದಿನ ಹೋಗುತ್ತದೆ, ಮಿರಗಕ್ಕೆ ಮುಂಚೆ ಲಾರಿ ಹೊರಡಬೇಕು ಎಂದರು.

"ಮುಚ್ಚಳಾ ತಗದು ಇನ್ನೊಂದು ನಕ್ಷೆ ಮಾಡವ್ವಾ. ಮಿಸ್ತ್ರಿಗೆ ನಾನ ಹೇಳತೀನಿ."

ಮಾಡಿಕೊಟ್ಟೆ. ಅರ್ಧ ದಿನವೂ ಬೇಕಾಗಲಿಲ್ಲ. ಮುಚ್ಚಳದ ಗೆರೆಗಳನ್ನು ಬಿಟ್ಟು ಉಳಿದದ್ದನ್ನು ಹೊಸ ಕಾಗದಕ್ಕೆ ಇಳಿಸಿ, ಕೆಳಗಿನ ಮೂಲೆಯಲ್ಲಿ ನನ್ನ ಹೆಸರಿನ ಅಕ್ಷರ ಹಾಕಿದೆ. ಮೊದಲ ನಕ್ಷೆಯನ್ನು ಸುರುಳಿ ಸುತ್ತಿ ಡ್ರಾವರಿಗೆ ಹಾಕಿದೆ. ತಿರ್ಲಾಪುರಕ್ಕೆ ಒಂದು ಪೋಸ್ಟ್‌ಕಾರ್ಡ್ ಹಾಕಬಹುದಿತ್ತು. ಹಾಕಲಿಲ್ಲ. ಮಾಲಕರೇ ಹೇಳುತ್ತಾರಲ್ಲ ಎಂದುಕೊಂಡೆ. ಅವರು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು, ಗೊತ್ತಿರಲಿಲ್ಲವೆಂದು ಇವತ್ತು ಬರೆದರೆ ಅದು ಸುಳ್ಳಾಗುತ್ತದೆ.

ಕಾಕಾ ಮರಳಿ ಬಂದಾಗ ಲಾರಿ ಹೋಗಿ ನಾಲ್ಕು ದಿನವಾಗಿತ್ತು. ಮೂವತ್ತೆಂಟು ಮಷಿನ್ನು ಹಳ್ಳಿಗಳ ಮನೆ ಸೇರಿದ್ದವು. ಶೆಡ್ಡಿನಲ್ಲಿ ಉಳಿದಿದ್ದ ಒಂದನ್ನು ಅವನು ನೋಡಿದ. ಬರಿಯ ಚಕ್ರಗಳು, ಹಲ್ಲಿಗೆ ಹಲ್ಲು. ಕೋಣೆಯೊಳಗೆ ಬಂದು ಮಾಲಕರನ್ನು ಕೇಳಿದ. ಅವರು ಮುಂದಿನ ಸಲ ಹಾಕೋಣ ಎಂದರು. ಕಾಕಾ ಬಿಡಲಿಲ್ಲ, ಮಾರಿದ ಮಷಿನ್ನುಗಳಿಗೆ ಈಗಲೇ ಮುಚ್ಚಳ ಮಾಡಿ ಕಳಿಸಿರಿ ಎಂದ. ದನಿ ಏರಿತು. ಹೊರಗೆ ವೆಲ್ಡಿಂಗ್ ನಿಂತುಹೋಯಿತು. ಆಗ ಮಾಲಕರು ಹೇಳಿದ ಮಾತನ್ನು ನಾನು ಮರೆತಿಲ್ಲ.

"ಹೇಳೂದಷ್ಟ ನಿನ್ನ ಕೆಲಸ. ಮಾಡೂದು ಬಿಡೂದು ನಂದು."

ಹಾಗಿದ್ದರೆ ಅವನನ್ನು ಲೇತಿನಿಂದ ಎಬ್ಬಿಸಿದ್ದು ಯಾಕೆ? ಉಸ್ತುವಾರಿ ಎಂದು ಹೆಸರಿಟ್ಟದ್ದು ಯಾಕೆ? ಇದನ್ನು ನಾನು ಈಗ ಕೇಳುತ್ತಿದ್ದೇನೆ, ಆಗ ಹಲಗೆಯ ಮೇಲೆ ತಲೆ ಬಗ್ಗಿಸಿ ಒಂದು ಗೆರೆಯನ್ನೇ ಮತ್ತೆ ಮತ್ತೆ ಎಳೆಯುತ್ತಿದ್ದೆ.

ಹತ್ತು ದಿನಕ್ಕೆ ಸುದ್ದಿ ಬಂತು. ಲಾರಿಯಲ್ಲಿ ಹೋದ ಮಷಿನ್ನು ಕೊಂಡಿದ್ದ ಯರಗುಪ್ಪಿಯ ಆ ಹೆಣ್ಣುಮಗಳ ಬಲಗೈಯ ಎರಡು ಬೆರಳು ಹೋದವು. ಮಗು ತೊಡೆಯ ಮೇಲಿತ್ತಂತೆ. ಸೆರಗು ಚಕ್ರಕ್ಕೆ ಸಿಕ್ಕಿತು, ಎಳೆಯಲು ಹೋದಳು, ಕೈಬಿಟ್ಟ ಹಿಡಿಕೆ ತನ್ನ ವೇಗಕ್ಕೆ ಇನ್ನೂ ತಿರುಗುತ್ತಿತ್ತು. ಹುಬ್ಬಳ್ಳಿಗೆ ಒಯ್ದು ಹೊಲಿಗೆ ಹಾಕಿಸಿಕೊಂಡು ಬಂದಿದ್ದರು. ಕಾಕಾ ಸುದ್ದಿ ಕೇಳಿ ಸಿಕ್ಕ ಮೊದಲ ಬಸ್ಸಿಗೇ ಹೋದ. ಅಂಗಳದಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅವಳು ಅಳಲಿಲ್ಲವಂತೆ, ಬೈಯಲಿಲ್ಲವಂತೆ. ಒಂದೇ ಮಾತು ಕೇಳಿದಳಂತೆ.

"ಅಣ್ಣಾ, ನೀ ತಂದು ತೋರಿಸಿದ ಮಷಿನ್ನಿಗೆ ಮುಚ್ಚಳ ಇತ್ತಲ್ಲ. ಅದೆಲ್ಲಿ ಹೋತು?"

ಇದನ್ನು ನನಗೆ ಹೇಳುವಾಗ ಕಾಕಾ ನನ್ನ ಮುಖ ನೋಡುತ್ತಿರಲಿಲ್ಲ. ನಕ್ಷೆ ಬದಲಿಸಿದವಳು ನಾನೆಂದು ಅವನಿಗೆ ಆಗಿನ್ನೂ ಗೊತ್ತಿರಲಿಲ್ಲ. ನಕ್ಷೆ ನೋಡದೆ ಕೆಲಸಗಾರರೇ ಮಾಲಕರ ಬಾಯಿಮಾತಿನ ಮೇಲೆ ಮುಚ್ಚಳ ಬಿಟ್ಟಿರಬೇಕೆಂದು ಅವನು ತಿಳಿದಿದ್ದ. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ವಾರದ ಮೇಲೆ ಅವಳ ಗಂಡ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಕಾರ್ಖಾನೆಗೆ ಬಂದ. ಜಗಳಕ್ಕೆ ಬಂದವರಲ್ಲ. ಯಾರು ಹೀಗೆ ಮಾಡಿದರೆಂದು ತಿಳಿಯಬೇಕು, ಅಷ್ಟೇ ಎಂದರು. ಮಾಲಕರು ಅವರಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ನನ್ನ ಎರಡನೆಯ ನಕ್ಷೆಯನ್ನು ಮೇಜಿನ ಮೇಲೆ ಬಿಚ್ಚಿದರು. ಆಮೇಲೆ ಕಾಕಾನ ಕಡೆ ಕೈ ಮಾಡಿದರು. ಹಳ್ಳಿ ತಿರುಗಿ ಮಷಿನ್ನು ಹೇಗಿರಬೇಕೆಂದು ಹೇಳಿದವನು ಇವನೇ, ನಾವು ಇವನು ಹೇಳಿದ ಹಾಗೆ ಮಾಡಿದೆವು, ಬೇಕಾದರೆ ನಕ್ಷೆ ನೋಡಿರಿ, ಇದರಲ್ಲಿ ಮುಚ್ಚಳ ಎಲ್ಲಿದೆ ಎಂದರು. ತೀರ ತಣ್ಣಗಿನ ದನಿ. ಬಿಸಿಲಲ್ಲಿ ಬಂದವರಿಗೆ ನೀರು ಕೊಡುವ ಹಾಗಿತ್ತು.

ಕಾಕಾ ನಕ್ಷೆಯ ಮೇಲೆ ಬಗ್ಗಿದ. ಮೂಲೆಯಲ್ಲಿದ್ದ ನನ್ನ ಅಕ್ಷರ ನೋಡಿದ. ಆಮೇಲೆ ನನ್ನನ್ನು ನೋಡಿದ.

ಆ ಗಂಡ ನನ್ನ ಕಡೆ ತಿರುಗಿ, "ಹೌದೇನವ್ವಾ? ಇದ ನಕ್ಷೇನ?" ಎಂದು ಕೇಳಿದ.

ಮೊದಲ ನಕ್ಷೆ ನನ್ನ ಮೊಣಕೈ ಕೆಳಗಿನ ಡ್ರಾವರಿನಲ್ಲಿತ್ತು. ಎಳೆದು ತೆಗೆದರೆ ಮುಗಿಯುತ್ತಿತ್ತು. ನಾನು ಹೇಳಿದೆ: "ಹೌದ್ರಿ. ನಾನ ತಗದದ್ದು."

ಅಷ್ಟೇ. ಸುಳ್ಳಲ್ಲ. ಸುಳ್ಳು ಹೇಳಿದ್ದರೆ ಇಷ್ಟು ವರ್ಷದಲ್ಲಿ ಅದನ್ನು ಕ್ಷಮಿಸಿಕೊಳ್ಳುತ್ತಿದ್ದೆನೋ ಏನೋ. ನನ್ನ ಕಡೆ ಕಾರಣಗಳಿದ್ದವು, ಮನೆಯ ಸ್ಥಿತಿ ಇತ್ತು. ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅಯ್ಯೋ ಪಾಪ ಎನ್ನುತ್ತಾರೆ, ನನಗೆ ಅದು ಬೇಡ.

ಕಾಕಾ ನೆಟ್ಟಗಾದ. ಬಂದವರ ಕಡೆ ತಿರುಗಿ, ಹೇಳಿದವನು ನಾನೇ, ಹೇಳಿದ್ದು ಆಗಿದೆಯೋ ಇಲ್ಲವೋ ಎಂದು ನಿಂತು ನೋಡದವನೂ ನಾನೇ ಎಂದ. ಆಮೇಲೆ ಮಾಲಕರಿಗೆ ಹೇಳಿದ.

"ಮಾಲಕ್ರ, ಲೇತಿನ ಮ್ಯಾಲೆ ಇದ್ದಾಗ ನನ್ನ ತಪ್ಪು ನನ್ನ ಕೈಯಾಗ ಇರತಿತ್ತರಿ. ನೀವು ಕೈ ಕಸಗೊಂಡು ಬಾಯಿ ಕೊಟ್ರಿ. ಆ ಬಾಯಿ ಮಾತೂ ಕೇಳಲಿಲ್ಲ. ಈಗ ತಪ್ಪು ಅಷ್ಟ ನಂದು ಅಂತೀರಿ."

ಮೇಜಿನ ಮೇಲಿನ ಡೈರಿ ಜೇಬಿಗೆ ಹಾಕಿಕೊಂಡು ಹೊರಟ. ಶೆಡ್ಡಿನಲ್ಲಿ ತನ್ನ ಹಳೆಯ ಲೇತಿನ ಪಕ್ಕದಲ್ಲೇ ಹಾದುಹೋದ. ತಿರುಗಿ ನೋಡಿದನೋ ಇಲ್ಲವೋ... ಕಿಟಕಿಗೆ ಮೈಕೊಟ್ಟು ಕೂತಿದ್ದರೂ ನಾನು ಕಿಟಕಿಯ ಕಡೆ ನೋಡಲಿಲ್ಲ.

ಅವನು ನನ್ನ ಹೆಸರು ಎತ್ತಲಿಲ್ಲ. ಇದನ್ನು ಬಹಳ ಮಂದಿ ದೊಡ್ಡತನ ಎನ್ನುತ್ತಾರೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಮೂವರ ಮುಂದೆ ನನ್ನನ್ನು ಕೈಹಿಡಿದು ಎಬ್ಬಿಸಿ, ಬೇಟಿ ಡ್ರಾವರ್ ತೆಗಿ ಎಂದಿದ್ದರೆ ನಾನು ತೆಗೆಯುತ್ತಿದ್ದೆ. ಖಂಡಿತ ತೆಗೆಯುತ್ತಿದ್ದೆ. ಅವನು ಹೇಳಲಿಲ್ಲ. ನಾನೇ ತೆಗೆಯಲಿ ಎಂದು ಕಾದನೇ? ಕಾದಿದ್ದರೆ ಎಷ್ಟು ಹೊತ್ತು ಕಾದ?

ಮುಂದೆ ಕಾಕಾ ಮಾಡಿದ್ದನ್ನು ನಾವು ತುಣುಕು ತುಣುಕಾಗಿ ಕೇಳಿದೆವು. ಅಣ್ಣಿಗೇರಿಯಲ್ಲಿ ಅವನ ಹೆಂಡತಿಯ ಅಣ್ಣನದು ತಗಡಿನ ಪೆಟ್ಟಿಗೆ ಮಾಡುವ ಅಂಗಡಿ. ಅಲ್ಲಿ ಕೂತು ಮೂವತ್ತೆಂಟು ಮುಚ್ಚಳ ಬಡಿದನಂತೆ. ಯಾರ ಮನೆಗೆ ಮಷಿನ್ನು ಹೋಗಿದೆ ಎಂದು ಅಂಗಡಿ ಅಂಗಡಿಗೆ ಹೋಗಿ ವಿಚಾರಿಸಿ ಡೈರಿಯಲ್ಲಿ ಬರೆದುಕೊಂಡನಂತೆ. ಮಳೆ ಹಿಡಿದು ಕರಿಮಣ್ಣು ಕಾಲಿಗೆ ಅಂಟುವ ದಿನಗಳವು. ಬಸ್ಸು ಹೋದಲ್ಲಿಗೆ ಬಸ್ಸು, ಇಲ್ಲದಲ್ಲಿಗೆ ನಡಿಗೆ. ಹೆಗಲ ಮೇಲೆ ನಾಲ್ಕು ಮುಚ್ಚಳ, ಕೈಯಲ್ಲಿ ಕೈಡ್ರಿಲ್ಲು. ಮೊದಲ ಮುಚ್ಚಳ ಕೂಡಿಸಿದ್ದು ಯರಗುಪ್ಪಿಯ ಮನೆಯಲ್ಲಿ.

ಮಾಲಕರಿಗೆ ಸುದ್ದಿ ತಲುಪಿತು. ನಮ್ಮ ಮಾಲಿಗೆ ಯಾರೋ ಬಂದು ತೂತು ಕೊರೆದು ಕೆಡಿಸುತ್ತಿದ್ದಾನೆ, ಒಳಗೆ ಬಿಟ್ಟುಕೊಳ್ಳಬೇಡಿರಿ ಎಂದು ಅಂಗಡಿಯವರ ಬಾಯಲ್ಲಿ ಹೇಳಿಸಿದರು. ಗುಡಗೇರಿಯಲ್ಲಿ ಒಂದು ಮನೆಯವರು ಅವನನ್ನು ಬಾಗಿಲಿಂದಲೇ ಅಟ್ಟಿದರಂತೆ. ಮರುವಾರ ಮತ್ತೆ ಹೋದನಂತೆ. ಮೂರನೆಯ ಸಲ ಮನೆಯ ಮುದುಕಿ, ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಕರೆದು, ಹಚ್ಚಿ ಹೋಗಪ್ಪ ಎಂದಳಂತೆ. ಮೂವತ್ತೆಂಟರಲ್ಲಿ ಮೂವತ್ತಾರು ಆದವು ಎಂದು ಕೇಳಿದ್ದೇನೆ. ಉಳಿದೆರಡು ಎಲ್ಲಿ ಹೋದವೋ ಸಿಗಲಿಲ್ಲ.

ಮರುವರ್ಷ ನಮ್ಮ ಕಾರ್ಖಾನೆಯ ಮಷಿನ್ನಿಗೆ ಮುಚ್ಚಳ ಬಂತು. ಕೆಂಪು ಬಣ್ಣ ಬಳಿದು, ಹೊಸ ಸುಧಾರಣೆ ಎಂದು ಕರಪತ್ರ ಹಾಕಿಸಿದರು. ಆ ನಕ್ಷೆಯನ್ನೂ ನಾನೇ ತೆಗೆದದ್ದು. ತೆಗೆಯುವುದೇನು, ಡ್ರಾವರಿನಲ್ಲಿದ್ದ ಮೊದಲ ನಕ್ಷೆಯ ಮೇಲೆ ಕಾಗದ ಹಾಸಿ ಇಳಿಸಿದೆ. ಕರಪತ್ರ ಓದಿದ ದಿನ ಮಾಲಕರ ಮುಖಕ್ಕೆ ಅದನ್ನು ಎಸೆಯಬೇಕೆನಿಸಿತು. ಮಡಚಿ ಮೇಜಿನ ಮೇಲಿಟ್ಟೆ.

ಆಮೇಲೆ ಅವರು ಎಲ್ಲರನ್ನೂ ಕರೆದು, ಹೆಣ್ಣುಮಕ್ಕಳ ಮಷಿನ್ನಿಗೆ ಹೆಣ್ಣುಮಗಳೇ ಹೋಗಿ ಕೇಳುವುದು ಚಲೋ ಎಂದು ನನ್ನನ್ನು ಮಾಲಿನ ಉಸ್ತುವಾರಿ ಮಾಡಿದರು. ಕಾಕಾನ ಮೇಜು, ಕಾಕಾನ ಕುರ್ಚಿ. ಮತ್ತೆ ಚಪ್ಪಾಳೆ. ನಾನು ಬೇಡವೆನ್ನಲಿಲ್ಲ. ನಕ್ಷೆಯ ಹಲಗೆಗೆ ಹುಬ್ಬಳ್ಳಿಯಿಂದ ಇನ್ನೊಬ್ಬ ಬಂದ. ಅವನು ಎಳೆಯುವ ಗೆರೆ ತಪ್ಪಿದಾಗ ನನ್ನ ಬೆರಳು ತಾನಾಗಿ ಪೆನ್ಸಿಲ್ ಹುಡುಕುತ್ತಿತ್ತು. ಕಾಕಾ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು.

ನಾನು ಮೊದಲು ಹೋದದ್ದು ಯರಗುಪ್ಪಿಗೆ. ಆ ಹೆಣ್ಣುಮಗಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು, ಎಡಗೈಯಿಂದ. ಮಿಸ್ತ್ರಿ ಅಣ್ಣ ಯಾಕೆ ಬರಲಿಲ್ಲ ಎಂದು ಕೇಳಿದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಎರಡು ನಕ್ಷೆಯ ಮಾತು, ಡ್ರಾವರಿನ ಮಾತು. ಅವಳು ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

"ಅವತ್ತ ಹೇಳಬೇಕಿತ್ತವ್ವಾ," ಎಂದಳು. ನಮ್ಮ ಕಡೆ ವೈರಿ ಬಂದರೂ ಒಂದು ತಂಬಿಗೆ ನೀರು ಕೊಡುತ್ತಾರೆ. ಅವಳು ಕೊಡಲಿಲ್ಲ.

ಅಲ್ಲಿಂದ ಎರಡು ದಿನ ಬಿಟ್ಟು ಮೊದಲ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಹಿಡಿದು ಅಣ್ಣಿಗೇರಿಗೆ ಹೋದೆ. ತಗಡಿನ ಅಂಗಡಿಯಲ್ಲಿ ಕಾಕಾ ಪೆಟ್ಟಿಗೆಯೊಂದರ ಅಂಚು ಬಡಿಯುತ್ತಿದ್ದ. ಮತ್ತೆ ಖಾಕಿ ಅಂಗಿ. ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟ. ನಾನು ಏನು ಹೇಳಬೇಕೆಂದು ಬಸ್ಸಿನ ದಾರಿಯುದ್ದ ಕಟ್ಟಿಕೊಂಡು ಹೋಗಿದ್ದೆ. ಅದೆಲ್ಲ ಬಿಟ್ಟೆ. ಸುರುಳಿ ಬಿಚ್ಚಿ ಅವನ ಮುಂದೆ ಹಿಡಿದೆ.

ಬಹಳ ಹೊತ್ತು ನೋಡಿದ. ಎಂದಿನಂತೆ ಬೆರಳನ್ನು ಕಾಗದಕ್ಕೆ ತಾಗಿಸದೆ ಮುಚ್ಚಳದ ಕೀಲು ತೋರಿಸಿದ.

"ಈ ಕೀಲು ಎಡಕ್ಕ ಇರಬೇಕಿತ್ತು ಬೇಟಿ. ಬಲಕ್ಕ ಇದ್ರ ತೊಡಿ ಮ್ಯಾಲಿನ ಕೂಸಿನ ತಲಿಗೆ ಬಡೀತೈತಿ. ಮನಿಮನಿಗೆ ಹೋಗಿ ಹಚ್ಚೂ ಮುಂದ ತಿಳೀತು. ಅಷ್ಟು ಬದಲಿ ಮಾಡು."

ನಾನು ತಲೆಯಾಡಿಸಿದೆ. ಅವನು, ಈಗ ಹೇಳುವ ಕೆಲಸ ನಿನ್ನದಾಗಿದೆಯಂತಲ್ಲ, ಲಾರಿ ತುಂಬುವಾಗ ಬಾಜುವಿನಲ್ಲಿ ನಿಂತು ಒಂದೊಂದನ್ನೂ ಮುಟ್ಟಿ ನೋಡು, ನಾನು ಮಾಡದೆ ಬಿಟ್ಟದ್ದು ಅದೇ ಎಂದ. ಸುತ್ತಿಗೆ ಎತ್ತಿಕೊಂಡ. ನಾನು ನಿಂತೇ ಇದ್ದೆ. ಅವನು ಬಡಿಯುತ್ತಲೇ ಇದ್ದ. ಆ ಸದ್ದಿನಲ್ಲಿ ಮಾತಾಡಲು ಆಗುತ್ತಿರಲಿಲ್ಲ. ಬೇಕೆಂದೇ ಬಡಿದನೋ, ಕೆಲಸದ ಅವಸರವಿತ್ತೋ... ನನಗೆ ಗೊತ್ತಿಲ್ಲ.

ಆ ಕಾರ್ಖಾನೆಯಲ್ಲಿ ಇನ್ನೂ ಏಳು ವರ್ಷ ಇದ್ದೆ. ಕೀಲು ಎಡಕ್ಕೆ ಹೋಯಿತು. ಪ್ರತಿ ಲಾರಿಗೂ ಬಾಜುವಿನಲ್ಲಿ ನಿಂತೆ. ಒಂದು ಸಲ ಮುಚ್ಚಳಗಳಿಗೆ ಸಣ್ಣ ಬೋಲ್ಟು ಹಾಕಿ ತುಂಬಿಸಿದ್ದ ಲಾರಿಯ ಮುಂದೆ, ಚಾಲಕ ಎಂಜಿನ್ ಹಚ್ಚಿದ ಮೇಲೆ, ಹೋಗಿ ನಿಂತೆ. ಮಾಲಕರು ಹೊರಬಂದು ಹೇಳುವುದಷ್ಟೇ ನಿನ್ನ ಕೆಲಸ ಎಂದು ಮತ್ತೆ ಅದೇ ಮಾತು ಶುರುಮಾಡಿದರು. ಸರಿಯಲಿಲ್ಲ. ಮಧ್ಯಾಹ್ನದ ತನಕ ನಿಂತೆ. ಬೋಲ್ಟು ಬದಲಾದ ಮೇಲೆಯೇ ಲಾರಿ ಹೋದದ್ದು. ಅದನ್ನು ಜನ ನನ್ನ ಧೈರ್ಯ ಎಂದರು. ಧೈರ್ಯ ಬೇಕಾಗಿದ್ದ ದಿನ ಯಾವುದೆಂದು ನನಗೆ ಗೊತ್ತಿತ್ತು.

ಆಮೇಲೆ ಮದುವೆ, ಹುಬ್ಬಳ್ಳಿ, ಬೇರೆ ಕೆಲಸ. ಕಾಕಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವನು ಹೋಗಿ ಎಂಟು ತಿಂಗಳಾದ ಮೇಲೆ. ಆಗಲೂ ಹೋಗಲಿಲ್ಲ. ಯಾರ ಮುಂದೆ ಹೋಗಿ ಏನೆಂದು ನಿಲ್ಲಲಿ?

ಹೋದ ತಿಂಗಳು, ಆ ವರ್ಕ್‌ಶಾಪಿನಿಂದ ಬಂದ ಮೂರನೆಯ ದಿನ, ಅಣ್ಣಿಗೇರಿಯ ಬಸ್ಸು ಹತ್ತಿದೆ. ತಗಡಿನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಕೇಳುತ್ತ ಕೇಳುತ್ತ ಹೋಗಿ ಕಾಕಾನ ಮಗಳ ಮನೆ ಹುಡುಕಿದೆ. ಉರ್ದು ಸಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತಿಗೆ ಬಂದವಳು. ತಂದೆಯದೇ ಗಿಡ್ಡ ಮೈ, ನೆಟ್ಟ ದೃಷ್ಟಿ. ಒಳಗೆ ಕರೆದು ಕೂಡಿಸಿ, ನೀವು ಯಾರೆಂದು ಕೇಳಿದಳು.

ನಾನು ಹೇಳಿದೆ. ಕುಂದಗೋಳದ ಕಾರ್ಖಾನೆಯಲ್ಲಿ ನಕ್ಷೆ ತೆಗೆಯುತ್ತಿದ್ದವಳು ಎಂದೆ. ನಿಮ್ಮ ತಂದೆಯ ಮೇಲೆ ಸುಳ್ಳು ಬಂದಾಗ ಸತ್ಯವನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದವಳು ಎಂದೆ. ಅವಳು ಬೈಯಲಿ ಎಂದು ಕಾದೆ. ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ಹೋಗಿದ್ದೆ.

ಅವಳು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದಳು. ಮಷಿನ್ನಿನ ಕಥೆ ಗೊತ್ತಿತ್ತು, ಮನೆಮನೆಗೆ ಮುಚ್ಚಳ ಹಚ್ಚಿದ್ದು ಗೊತ್ತಿತ್ತು, ತಾನು ಅತ್ತೆ ಎನ್ನುವ ಯರಗುಪ್ಪಿಯ ಆ ಹೆಣ್ಣುಮಗಳು ರಮ್ಜಾನಿಗೆ ಶೇಂಗಾ ಕಳಿಸುತ್ತಿದ್ದದ್ದೂ ಗೊತ್ತಿತ್ತು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು.

"ಅಬ್ಬಾ ನಿಮ್ಮ ವಿಷಯ ಎಂದೂ ಹೇಳಿಲ್ಲರಿ. ನಕ್ಷೆ ತಗಿಯೂ ಬಾಯಾರು ಒಬ್ಬರು ಇದ್ರು ಅನ್ನೂದ ನನಗ ಗೊತ್ತಿಲ್ಲ."

ಚಹಾ ತಂದಳು. ಕುಡಿದೆ. ಸಕ್ಕರೆ ಬೇಕೇ ಎಂದು ಕೇಳಿದಳು, ಸಾಕು ಎಂದೆ. ಇಪ್ಪತ್ತೆರಡು ವರ್ಷದ ಲೇತಿನ ಕಥೆ, ಮೂವತ್ತಾರು ಮನೆಗಳ ಕಥೆ ಅವಳು ಹೇಳುತ್ತ ಹೋದಳು. ಅದರಲ್ಲೆಲ್ಲೂ ನಾನಿರಲಿಲ್ಲ. ನನ್ನನ್ನು ಬೈಯಬೇಕಾದವನು ಬೈಯದೆ, ಯಾರ ಬಾಯಲ್ಲೂ ಬೈಯಿಸದೆ, ತನ್ನ ಮನೆಯ ಮಾತಿನಿಂದಲೇ ನನ್ನನ್ನು ತೆಗೆದುಹಾಕಿ ಹೋಗಿದ್ದ. ಅದು ಕರುಣೆಯೋ ಶಿಕ್ಷೆಯೋ ಕೇಳಲು ಅವನಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಾಗಿಲ ತನಕ ಬಂದ ಅವಳು ಇನ್ನೊಮ್ಮೆ ಬರ್ರಿ ಎಂದಳು.

ಹ್ಞೂಂ ಎಂದೆ. ಹೋಗುವುದಿಲ್ಲ.